ಬೀಗದಕ್ಕ

ಆ ಬೀದಿಯ ತಿರುವಿನಲ್ಲಿ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ, ರಕ್ತ ಪರೀಕ್ಷೆಯ ಲ್ಯಾಬ್ ಒಂದಿದೆ. ಕಿರಿದಾದ ಮೆಟ್ಟಿಲು ಹತ್ತಿ ಗಾಜಿನ ಬಾಗಿಲು ತಳ್ಳಿದರೆ ಮೊದಲು ಮೂಗಿಗೆ ಸ್ಪಿರಿಟ್ಟಿನ ವಾಸನೆ ಹೊಡೆಯುತ್ತದೆ. ಆಮೇಲೆ ಕೌಂಟರಿನ ಹಿಂದೆ ಕೂತ ಹೆಂಗಸಿನ ದನಿ ಕಿವಿಗೆ ಬೀಳುತ್ತದೆ. "ಬನ್ನಿ, ಬನ್ನಿ. ಖಾಲಿ ಹೊಟ್ಟೇಲಿ ಬಂದಿದ್ದೀರಿ ತಾನೆ? ಕೂತ್ಕೊಳ್ಳಿ, ಬೇಗ ಕಳಿಸಿಕೊಡ್ತೀನಿ." ಈಗ ಎಲ್ಲರೂ ಆಕೆಯನ್ನು ಬೀಗದಕ್ಕ ಎನ್ನುತ್ತಾರೆ. ಮೊದಲು ಬರೀ ಅಕ್ಕ ಆಗಿದ್ದಳು.

ಅಕ್ಕ ಕೆಲಸಕ್ಕೆ ಸೇರಿದಾಗ ಲ್ಯಾಬಿನಲ್ಲಿದ್ದದ್ದು ಒಂದು ಮೈಕ್ರೋಸ್ಕೋಪು, ಒಂದು ಟೈಪ್‌ರೈಟರು ಮತ್ತು ತಲೆತುಂಬ ಕೂದಲಿದ್ದ ಒಬ್ಬ ಡಾಕ್ಟರು. ಬರಬರುತ್ತ ಯಂತ್ರಗಳು ಹೆಚ್ಚಿದವು, ಡಾಕ್ಟರ ಕೂದಲು ಕಡಿಮೆಯಾಯಿತು. ಬಂದ ರೋಗಿಯನ್ನು ಅರ್ಧ ನೆಂಟನನ್ನಾಗಿ ಮಾಡಿ ಕಳಿಸುವುದು ಅಕ್ಕನ ಸ್ವಭಾವ. ಸೂಜಿ ಕಂಡರೆ ಹೆದರುವವರಿಗೆ ತನ್ನ ಮಗಳ ಶಾಲೆಯ ಕಥೆ ಹೇಳುವಳು. ಕಥೆ ಮುಗಿಯುವಷ್ಟರಲ್ಲಿ ರಕ್ತ ಸೀಸೆಗೆ ಬಂದಿರುತ್ತಿತ್ತು. ಬೀದಿಯಲ್ಲಿ ಯಾರಾದರೂ ಎದುರಾದರೆ, "ಸಕ್ಕರೆ ಇಳಿದಿದೆ ಕಣ್ರೀ, ಹೀಗೇ ಇರಲಿ!" ಎಂದು ಆಚೆ ಬದಿಯ ಫುಟ್‌ಪಾತಿಗೂ ಕೇಳುವ ಹಾಗೆ ಹೇಳುವಳು. ಅದರಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ. ಕೇಳಿದವರು ನಗುತ್ತಿದ್ದರು. ಆ ನಗುವಿನ ಹಿಂದೆ ಮುಜುಗರವೂ ಇರಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಎಲ್ಲರ ರಿಪೋರ್ಟೂ ಅದರ ಹೊಟ್ಟೆ ಸೇರಿತು. ಒಳಗೆ ಹೋಗಲು ಇಡೀ ಲ್ಯಾಬಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಹೆಸರು 'ಲ್ಯಾಬ್'. ಪಾಸ್‌ವರ್ಡೂ ಲ್ಯಾಬೇ, ಅದರ ಬೆನ್ನಿಗೆ ಒಂದು, ಎರಡು, ಮೂರು. ಅಷ್ಟನ್ನೂ ಯಾರಾದರೂ ಮರೆತಾರು ಎಂದು ಹಳದಿ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದರು. ಒಂದು ಬೆಳಿಗ್ಗೆ ಚಹಾ ತರುವವನು, "ಅಕ್ಕ, ಪಾಸ್‌ವರ್ಡ್ ಹೊಡೆದು ಕಂಪ್ಯೂಟರ್ ನಾನೇ ತೆರೆದಿಟ್ಟಿದ್ದೀನಿ, ನಿಮಗೆ ಲೇಟಾಗಬಾರದು ನೋಡಿ" ಎಂದ. ಅಕ್ಕ ಅವನಿಗೆ ಶಹಬ್ಬಾಸ್ ಹೇಳಿ ಚಹಾ ಕುಡಿದಳು.

ಹೀಗಿರುವಾಗ, ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಪರೀಕ್ಷೆಗೆ ಬಂದಳು. ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ಹಿಂದೆ ಬಸಿರು ನಿಲ್ಲದೆ ಹೋದ ನೋವನ್ನು ಉಂಡವಳು. ಮತ್ತೆ ಬಸಿರು ಎಂಬ ರಿಪೋರ್ಟು ಕೈಗೆ ಬಂದಾಗ ಅವಳ ಕಣ್ಣು ತುಂಬಿತು. "ಅಕ್ಕ, ಸ್ವಲ್ಪ ದಿನ ಯಾರಿಗೂ ಗೊತ್ತಾಗೋದು ಬೇಡ. ನನ್ನ ಯಜಮಾನ್ರಿಗೆ ಮಾತ್ರ ನಾನೇ ಹೇಳ್ತೀನಿ. ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ, ನಾಳೆ ಬರ್ತಾರೆ" ಎಂದು ಅಕ್ಕನ ಕೈ ಹಿಡಿದು ಹೇಳಿ, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋದಳು.

ಎರಡು ದಿನ ಬಿಟ್ಟು ಮತ್ತೆ ಬಂದಳು. ಜನವೆಲ್ಲ ಕರಗುವ ತನಕ ಮೂಲೆಯ ಕುರ್ಚಿಯಲ್ಲಿ ಕೂತಿದ್ದು, ಆಮೇಲೆ ಎದ್ದು ಕೌಂಟರಿಗೆ ಬಂದಳು. ಜಗಳ ಮಾಡಲಿಲ್ಲ. ದನಿ ಏರಿಸಲಿಲ್ಲ.

"ನಮ್ಮತ್ತೆಗೆ ಯಾರೋ ಫೋನ್ ಮಾಡಿ ಒಳ್ಳೆಯದಾಗಲಿ ಅಂದ್ರಂತೆ ಅಕ್ಕ. ಅತ್ತೆ ನಮ್ಮನೆಯವರಿಗೆ ಹೇಳಿದ್ರು. ಅವರು ಬಾಗಿಲಲ್ಲೇ ನಿಂತು, ಊರಿಗೆಲ್ಲ ಹೇಳಿ ನನಗ್ಯಾಕೆ ಹೇಳಲಿಲ್ಲ ಅಂತ ಕೇಳಿದ್ರು. ನಾನು ಇಲ್ಲಿ ಬಿಟ್ಟು ಬೇರೆಲ್ಲೂ ಬಾಯಿ ಬಿಟ್ಟಿಲ್ಲ."

"ಅಯ್ಯೋ, ನಾನು ಯಾರ ಹತ್ತಿರವೂ ಹೇಳಿಲ್ಲಮ್ಮ. ನನ್ನ ಮಗಳಾಣೆ."

"ನೀವು ಹೇಳಿಲ್ಲ ಅಂತ ನಂಬ್ತೀನಿ. ಆದ್ರೆ ಇಲ್ಲಿಂದಲೇ ಹೋಗಿದೆ. ಅದೊಂದು ಮಾತು ನಾನೇ ಹೇಳಬೇಕು ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ ಗೊತ್ತಾ ಅಕ್ಕ?"

ಅವಳು ಮೆಟ್ಟಿಲಿಳಿದು ಹೋಗುವುದನ್ನು ಅಕ್ಕ ನೋಡುತ್ತ ನಿಂತಳು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಡಾಕ್ಟರಿಗೆ ವಿಷಯ ಮುಟ್ಟಿತು. ಅವರು ಎಲ್ಲರನ್ನೂ ಕರೆದು ಕೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ. ಆ ರಿಪೋರ್ಟನ್ನು ಯಾರು ಯಾರು ತೆಗೆದು ನೋಡಿದ್ದಾರೆ ಎಂದು ಕಂಪ್ಯೂಟರಿನಲ್ಲಿ ಹುಡುಕಿದರೆ, ಬೆಳಿಗ್ಗೆ ತೆಗೆದದ್ದು 'ಲ್ಯಾಬ್', ಮಧ್ಯಾಹ್ನ ತೆಗೆದದ್ದು 'ಲ್ಯಾಬ್', ಸಂಜೆ ತೆಗೆದದ್ದೂ 'ಲ್ಯಾಬ್'. ಅಂದರೆ ಎಲ್ಲರೂ, ಅಂದರೆ ಯಾರೂ ಅಲ್ಲ.

ಕಡೆಗೆ ಎಲ್ಲರ ಕಣ್ಣೂ ರಕ್ತ ತೆಗೆಯುವ ಯುವಕನ ಮೇಲೆ ಬಿತ್ತು. ಬಾಯಿಗೆ ಬಿಡುವೇ ಇಲ್ಲದ ಅವನಿಗೆ ವಟವಟ ಎಂದೇ ಅಡ್ಡಹೆಸರು. ಜೊತೆಗೆ ಅವನ ಮನೆಯೂ ಅದೇ ಹಿಂದಿನ ಬೀದಿಯಲ್ಲಿ. ಇನ್ನೇನು ಬೇಕು? ಹಿರಿಯ ಟೆಕ್ನಿಷಿಯನ್ — ಯಾವ ಮಾತಿಗೂ ಪಾಠ ಹೇಳುವ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು — ಅವನೊಂದಿಗೆ ಮಾತು ಬಿಟ್ಟರು. ವಟವಟ ಊಟದ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಒಬ್ಬನೇ ಕೂತು ಉಣ್ಣತೊಡಗಿದ. ಅಕ್ಕ ಹೋಗಿ ಪಕ್ಕದಲ್ಲಿ ಕೂತಳು.

"ನಾನು ಮಾತು ಜಾಸ್ತಿ ಆಡ್ತೀನಿ, ನಿಜ ಅಕ್ಕ," ಎಂದ ಅವನು, ತುತ್ತನ್ನು ಡಬ್ಬಿಯಲ್ಲೇ ಆಡಿಸುತ್ತ. "ಆದ್ರೆ ಇದನ್ನ ನಾನು ಹೇಳಿಲ್ಲ. ಹೇಳಿಲ್ಲ ಅಂತ ಹೇಗೆ ತೋರಿಸ್ಲಿ, ನೀವೇ ಹೇಳಿ."

ಆ ಪ್ರಶ್ನೆ ಅಕ್ಕನ ತಲೆಗೆ ಹೊಕ್ಕಿತು. ತನ್ನನ್ನೇ ಕೇಳಿದರೂ ತೋರಿಸಲು ಅವಳ ಬಳಿ ಏನೂ ಇರಲಿಲ್ಲ. ಎಲ್ಲರ ಕೈಯಲ್ಲೂ ಒಂದೇ ಕೀಲಿಕೈ ಇದ್ದರೆ ಕಳ್ಳನಿಗೆ ಅನುಕೂಲ, ಒಳ್ಳೆಯವನಿಗೆ ಅಪವಾದ. ಹೊಲಿಗೆಯವಳಿಗೆ ಒಂದು ಅನ್ಯಾಯವಾಗಿತ್ತು. ಇಲ್ಲಿ ಮೆಟ್ಟಿಲ ಮೇಲೆ ಇನ್ನೊಂದು ಆಗುತ್ತಿತ್ತು.

ಮಾರನೆಯ ವಾರ ಕಂಪ್ಯೂಟರ್ ರಿಪೇರಿಯವನು ಪ್ರಿಂಟರ್ ನೋಡಲು ಬಂದಾಗ ಅಕ್ಕ ಅವನನ್ನು ಹಿಡಿದು ಕೂರಿಸಿದಳು. "ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಡೋಕಾಗುತ್ತೇನಪ್ಪ? ಯಾರು ಯಾವ ರಿಪೋರ್ಟ್ ತೆಗೆದ್ರು ಅಂತ ಗೊತ್ತಾಗೋ ಹಾಗೆ?"

"ಆಗುತ್ತೆ ಅಕ್ಕ. ಮೊದಲ ದಿನದಿಂದಲೂ ಆಗುತ್ತೆ. ಯಾರಿಗೆ ಎಷ್ಟು ಬೇಕೋ ಅಷ್ಟೇ ಕಾಣೋ ಹಾಗೂ ಮಾಡಬಹುದು. ರಕ್ತ ತೆಗೆಯೋರಿಗೆ ಸೀಸೆ ನಂಬರ್ ಸಾಕು. ನಿಮಗೆ ರಿಪೋರ್ಟ್ ಸಿದ್ಧವಾಗಿದೆಯೋ ಇಲ್ಲವೋ ಅಂತ ಗೊತ್ತಾದ್ರೆ ಸಾಕು, ಒಳಗೇನಿದೆ ಅಂತ ಬೇಕಾಗಿಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ, ನಾನು ಹೇಳಲಿಲ್ಲ," ಎಂದು ಅವನು ತಲೆ ಕೆರೆದುಕೊಂಡ.

ಡಾಕ್ಟರು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. "ಇದೆಲ್ಲ ದೊಡ್ಡ ಆಸ್ಪತ್ರೆಗಳ ಕಾರುಬಾರು ಕಣಮ್ಮ. ನಾವಿರೋದು ಬೆರಳೆಣಿಕೆಯ ಜನ. ಮನೆಯವರ ಥರ ಇದ್ದೀವಿ. ಮನೆಯವರ ನಡುವೆ ಬೀಗ ಯಾಕೆ?"

"ಮನೆಯವರೇ ಡಾಕ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ಮನೇಲೂ ಬಚ್ಚಲಿಗೆ ಚಿಲಕ ಇರುತ್ತಲ್ಲ?"

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. "ನಿಮ್ಮ ತಾಯಿಯವರ ರಿಪೋರ್ಟೂ ಅದರಲ್ಲೇ ಇದೆ. ಚಹಾ ತರೋನು ಮನಸ್ಸು ಮಾಡಿದ್ರೆ ಓದಬಹುದು. ಅವನಿಗೆ ಪಾಸ್‌ವರ್ಡ್ ಗೊತ್ತು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ತಾಯಿಗೆ ಮರೆವಿನ ಕಾಯಿಲೆ ಶುರುವಾಗಿದ್ದು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ ಎಂದು ಅವರು ನಂಬಿದ್ದರು. "ಆ ಕಂಪ್ಯೂಟರಿನವನನ್ನ ಕರೆಸು" ಎಂದರು. ಹಳದಿ ಚೀಟಿಯನ್ನು ಅವರೇ ಬಂದು ಕಿತ್ತರು. ಅದು ಅಂಟಿದ್ದ ಜಾಗ ಮಾತ್ರ ಹೊಸ ಗೋಡೆಯ ಹಾಗೆ ಬೆಳ್ಳಗಿತ್ತು.

ಮೊದಲ ವಾರದ ಪಾಡು ಹೇಳತೀರದು. ಮೇಷ್ಟ್ರು ತಮ್ಮ ಪಾಸ್‌ವರ್ಡನ್ನು ಮೂರು ಸಲ ತಪ್ಪು ಹೊಡೆದದ್ದಕ್ಕೆ ಕಂಪ್ಯೂಟರ್ ಅವರನ್ನು ಹೊರಗೆ ನಿಲ್ಲಿಸಿತು. "ಈ ಲ್ಯಾಬಿಗೆ ನಾನು ಜೀವ ತೇದಿದ್ದೀನಿ, ನಾನು ಯಾರು ಅಂತ ಈ ಡಬ್ಬಕ್ಕೆ ಗೊತ್ತಿಲ್ಲವಾ?" ಎಂದು ಕೂಗಾಡಿದರು. ಮುಂದಿನ ದಿನ ಅವರು ಪಾಸ್‌ವರ್ಡನ್ನು ಅಂಗೈ ಮೇಲೆ ಬರೆದುಕೊಂಡು ಬಂದು, ಕೆಲಸಕ್ಕೆ ಕೂರುವ ಮುನ್ನ ಶಾಸ್ತ್ರೋಕ್ತವಾಗಿ ಕೈ ತೊಳೆದುಬಿಟ್ಟರು. ಅಕ್ಕನೂ ಕಡಿಮೆಯೇನಿಲ್ಲ. ಯಾರೂ ಊಹಿಸಬಾರದು ಎಂದು ಎಷ್ಟು ಕಷ್ಟದ ಪಾಸ್‌ವರ್ಡ್ ಇಟ್ಟುಕೊಂಡಿದ್ದಳೆಂದರೆ, ಸೋಮವಾರ ಬೆಳಿಗ್ಗೆ ಅವಳಿಗೇ ಅದನ್ನು ಊಹಿಸಲಾಗಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಮೆಟ್ಟಿಲ ತನಕ ಬೆಳೆಯಿತು. ಯಾರೋ ಗೊಣಗಿದರು: "ರಿಪೋರ್ಟಿಗೆ ಬೀಗ ಹಾಕ್ಕೊಂಡು ಕೂತಿದ್ದಾಳೆ, ಬೀಗದಕ್ಕ." ಹೆಸರು ಅಲ್ಲಿಂದಲೇ ಅಂಟಿತು. ಅಕ್ಕ ಗಂಡನ ಬಳಿ ಹೇಳಿಕೊಂಡರೆ ಅವನು, "ನನಗೂ ಊಟಕ್ಕೆ ಪಾಸ್‌ವರ್ಡ್ ಇದ್ರೆ ಮೊದಲೇ ಹೇಳಿಬಿಡು" ಎಂದು ತಟ್ಟೆ ಎಳೆದುಕೊಂಡ. ಕಂಪ್ಯೂಟರಿನವನು ಬಂದು, ಗೊತ್ತಿರುವ ನಾಲ್ಕು ಬೇರೆ ಬೇರೆ ಪದಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಸೇರಿಸಿಕೊಳ್ಳುವ ಉಪಾಯ ಹೇಳಿಕೊಟ್ಟ ಮೇಲೆ ಎಲ್ಲರೂ ಉಸಿರು ಬಿಟ್ಟರು.

ಇದೆಲ್ಲ ಬೇಕಿತ್ತೇ ಎಂದು ಡಾಕ್ಟರಿಗೆ ಒಳಗೊಳಗೇ ಇದ್ದ ಅನುಮಾನ ಕಳೆದದ್ದು ಒಂದು ಫೋನಿನಿಂದ. ಅಕ್ಕ ಡಾಕ್ಟರ ಕೋಣೆಯಲ್ಲಿದ್ದಾಗ ಕೌಂಟರಿನ ಫೋನನ್ನು ವಟವಟ ಎತ್ತಿದ. ಆ ಕಡೆಯವನದು ಬೆಣ್ಣೆಯಂಥ ಮಾತು. "ಸಾರ್, ನಿಮ್ಮ ಸಾಫ್ಟ್‌ವೇರ್ ಕಂಪನಿಯಿಂದ ಮಾತಾಡ್ತಿದ್ದೀನಿ. ನಿಮ್ಮ ಸಿಸ್ಟಮ್ ಇನ್ನು ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತೆ. ನಿಮ್ಮ ಪಾಸ್‌ವರ್ಡ್ ಹೇಳಿ, ಇಲ್ಲಿಂದಲೇ ಸರಿ ಮಾಡ್ತೀವಿ. ಬೇಗ, ಸಾರ್."

ಸಾರ್ ಎಂದು ಯಾರೂ ಕರೆಯದ ವಟವಟನಿಗೆ ಒಂದು ಕ್ಷಣ ಹಿತವಾಯಿತು. ಬಾಯಿ ತೆರೆದ. ಮತ್ತೆ ಮುಚ್ಚಿದ. "ನನ್ನ ಪಾಸ್‌ವರ್ಡ್ ಕೊಟ್ರೆ ನನ್ನ ಹೆಸರು ಕೊಟ್ಟ ಹಾಗೆ ಸ್ವಾಮಿ. ಒಂದು ನಿಮಿಷ ಇರಿ, ಅಕ್ಕನ್ನ ಕೇಳ್ತೀನಿ" ಎಂದ. ಅಕ್ಕ ಬಂದು, ತಮ್ಮ ಕಂಪ್ಯೂಟರಿನವನ ನಂಬರಿಗೆ ಇನ್ನೊಂದು ಫೋನಿನಿಂದ ಕರೆ ಮಾಡಿ ಕೇಳಿದಳು. ಅವನು ಬೆಚ್ಚಿಬಿದ್ದ. "ನಾವು ಯಾವತ್ತೂ ಪಾಸ್‌ವರ್ಡ್ ಕೇಳಲ್ಲ ಅಕ್ಕ! ಇಟ್ಟುಬಿಡಿ, ಮೊದಲು ಇಟ್ಟುಬಿಡಿ!" ಆ ಹೊತ್ತಿಗೆ ಬೆಣ್ಣೆಯ ದನಿ ತಾನೇ ಕರಗಿಹೋಗಿತ್ತು.

ಹಳೆಯ ಒಂದೇ ಪಾಸ್‌ವರ್ಡ್ ಇದ್ದು ಅದು ಅವನ ಕೈಗೆ ಸಿಕ್ಕಿದ್ದರೆ ಊರಿನ ಅರ್ಧ ಜನರ ರಕ್ತದ ಗುಟ್ಟು ಹೊರಗೆ ಹೋಗುತ್ತಿತ್ತು. ಡಾಕ್ಟರು ಎಲ್ಲರೆದುರು ವಟವಟನ ಬೆನ್ನು ತಟ್ಟಿದರು. ಮಧ್ಯಾಹ್ನ ಮೇಷ್ಟ್ರು ತಮ್ಮ ಡಬ್ಬಿ ಹಿಡಿದು ಹೋಗಿ ಮೆಟ್ಟಿಲ ಮೇಲೆ ಅವನ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವರ ಪಾಠವೂ ಇವನ ವಟವಟವೂ ಒಟ್ಟಿಗೇ ಕೇಳಿಬಂದವು. ಆ ಮೊದಲಿನ ಗುಟ್ಟು ಯಾರ ಬಾಯಿಂದ ಹೋಗಿತ್ತು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಆದರೆ ಹೊಲಿಗೆಯವಳ ಮನೆಗೆ ಅಕ್ಕ ಹೋಗಿ, ಲ್ಯಾಬಿನಲ್ಲಿ ಏನೇನು ಬದಲಾಗಿದೆ ಎಂದು ಹೇಳಿ, ಕ್ಷಮೆ ಕೇಳಿ ಬಂದಳು. ಅವಳು ಮುಂದಿನ ಪರೀಕ್ಷೆಗೆ ಗಂಡನನ್ನೂ ಕರೆದುಕೊಂಡು ಇಲ್ಲಿಗೇ ಬಂದಳು.

ಇಷ್ಟಾದರೂ ಬೀಗದಕ್ಕನಿಗೆ ನಿಜವಾದ ಪರೀಕ್ಷೆ ಬಂದದ್ದು ಹೊರಗಿನವರಿಂದಲ್ಲ, ಒಡಹುಟ್ಟಿದವಳಿಂದ.

ಅವಳ ದೊಡ್ಡಕ್ಕನ ಗಂಡ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಅವನ ದನಿ ಮಂಡಿಯ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿತ್ತು. ಮನೆಯಲ್ಲಿ ಅವನು ಉಪ್ಪು ಕೇಳಿದರೂ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. ಆ ಭಾವ ಒಂದು ದಿನ ಕೊರಳಿಗೆ ಟವೆಲ್ ಸುತ್ತಿಕೊಂಡು ಲ್ಯಾಬಿಗೆ ಬಂದ. ಕತ್ತಿನ ಮುಂಭಾಗದಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಡಾಕ್ಟರು ಸಣ್ಣ ಸೂಜಿ ಹಾಕಿ ಗಂಟಿನ ಒಳಗಿಂದ ಚೂರು ಪರೀಕ್ಷೆಗೆ ತೆಗೆದುಕೊಂಡರು. ಹೋಗುವಾಗ ಅವನು ಕೌಂಟರಿನ ಮೇಲೆ ಬಾಗಿ, ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದ.

"ನಿಮ್ಮಕ್ಕನಿಗೆ ಹೇಳಬೇಡ. ಏನು ಅಂತ ಗೊತ್ತಾಗೋ ತನಕ ಅವಳನ್ನ ಹೆದರಿಸೋದು ಬೇಡ. ಮಂಡಿಗೆ ಗೊತ್ತಾದ್ರಂತೂ ಮುಗೀತು, ನಾಳೆಯೇ ನನ್ನ ಜಾಗದಲ್ಲಿ ಇನ್ನೊಬ್ಬ ನಿಂತು ಕೂಗ್ತಾನೆ."

"ಹೇಳಲ್ಲ ಭಾವ."

ಎರಡನೆಯ ದಿನವೇ ದೊಡ್ಡಕ್ಕ ಅವಳ ಮನೆಗೆ ಬಂದಳು. ಗಂಡನ ಕತ್ತಿನ ಪ್ಲಾಸ್ಟರು ನೋಡಿದ್ದಳು. ಅವನು ಸೈಕಲ್ ಅಂಗಡಿಯ ಮೆಟ್ಟಿಲು ಇಳಿಯುವುದನ್ನು ಯಾರೋ ಕಂಡು ಹೇಳಿದ್ದರು. ಬಂದವಳು ಕೂರಲೂ ಇಲ್ಲ.

"ಏನಾಗಿದೆ ಅವರಿಗೆ?"

"ನನಗೆ ಗೊತ್ತಿಲ್ಲ ದೊಡ್ಡಕ್ಕ."

"ಗೊತ್ತಿಲ್ಲದಿದ್ರೆ ನಾಳೆ ಕಂಪ್ಯೂಟರ್ ತೆಗೆದು ನೋಡು. ನಿನ್ನ ಕೈಲೇ ಇದೆಯಲ್ಲ ಎಲ್ಲ."

"ಹಾಗೆಲ್ಲ ನೋಡಬಾರದು."

"ನೋಡಬಾರದು!" ದೊಡ್ಡಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಅವರು ನನ್ನ ಗಂಡ ಕಣೇ. ನಾನೇನು ಬೀದೀಲಿ ಹೋಗೋಳಾ? ನಿನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದೋಳು ನಾನು. ನನಗಿಂತ ಆ ಯಂತ್ರ ಹೆಚ್ಚಾಯ್ತಾ ನಿನಗೆ?"

"ನೀನು ಭಾವನ್ನೇ ಕೇಳು ದೊಡ್ಡಕ್ಕ. ಜೋರಾಗಿ ಕೇಳು. ನಾನು ಮಧ್ಯ ಬರಲ್ಲ."

ದೊಡ್ಡಕ್ಕ ಚಪ್ಪಲಿ ಮೆಟ್ಟಿ ಹೊರಟಳು. ಅವಳು ಬೀದಿಯ ತುದಿ ದಾಟುವ ತನಕ ತಂಗಿ ಬಾಗಿಲಲ್ಲಿ ನಿಂತಿದ್ದಳು. ದೊಡ್ಡಕ್ಕ ತಿರುಗಿ ನೋಡಲಿಲ್ಲ.

ಮರುದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆದ್ದಾಗ, ಬೀಗದಕ್ಕ ಕಂಪ್ಯೂಟರಿನ ಮುಂದೆ ಕೂತಳು. ಕೌಂಟರಿನವರಿಗೆ ರಿಪೋರ್ಟಿನ ಒಳಗೆ ಕಾಣುತ್ತಿರಲಿಲ್ಲ, ನಿಜ. ಆದರೆ ಡಾಕ್ಟರು ಇಲ್ಲದಾಗ ತುರ್ತಿಗೆ ಇರಲಿ ಎಂದು ಅವಳೊಬ್ಬಳಿಗೆ ಎಲ್ಲವನ್ನೂ ತೆರೆಯುವ ಅಧಿಕಾರ ಕೊಟ್ಟಿದ್ದರು. ಭಾವನ ಹೆಸರು ಹೊಡೆದಳು. ರಿಪೋರ್ಟು ಸಿದ್ಧವಾಗಿತ್ತು. ಒಂದು ಬೆರಳು ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಒಳ್ಳೆಯದೇ ಇದ್ದರೆ? ಈಗಲೇ ಓಡಿಹೋಗಿ ದೊಡ್ಡಕ್ಕನ ಕಣ್ಣೀರು ಒರೆಸಬಹುದಲ್ಲ? ಕೆಟ್ಟದ್ದಿದ್ದರೆ ಮಾತ್ರ ಬಾಯಿ ಮುಚ್ಚಿಕೊಂಡಿರೋಣ ಎಂದು ಮನಸ್ಸು ಚೌಕಾಸಿ ಮಾಡಿತು. ಆದರೆ ದೊಡ್ಡಕ್ಕ ಅವಳ ಮುಖ ನೋಡಿದರೇ ಓದಿಬಿಡುವವಳು. ಸುಮ್ಮನಿದ್ದರೂ ಹೇಳಿದ ಹಾಗೆಯೇ. ಪಿಸುಗುಟ್ಟಿದ ಭಾವನ ಮುಖವೂ ಕಣ್ಣಮುಂದೆ ಬಂತು. ಕೈ ಹಿಂದಕ್ಕೆ ತೆಗೆದುಕೊಂಡಳು.

ಡಾಕ್ಟರು ಊಟ ಮುಗಿಸಿ ಬರುತ್ತಲೇ ಅವರ ಕೋಣೆಗೆ ಹೋದಳು. "ಆ ತುರ್ತಿನ ಅಧಿಕಾರ ನನಗೆ ಬೇಡ ಡಾಕ್ಟ್ರೇ. ತೆಗೆಸಿಬಿಡಿ. ತೀರ ಬೇಕಾದ್ರೆ ನಿಮಗೆ ಫೋನ್ ಮಾಡಿ ಒಪ್ಪಿಗೆ ತಗೊಂಡು ತೆರೆಯೋ ಹಾಗೆ ಮಾಡಿಸಿ."

"ಯಾಕಮ್ಮ? ನಿನ್ನ ಮೇಲೆ ನನಗೆ ನಂಬಿಕೆ ಇದೆ."

"ನನಗೆ ಇವತ್ತು ಸ್ವಲ್ಪ ಕಡಿಮೆಯಾಗಿತ್ತು."

ಡಾಕ್ಟರು ಕಂಪ್ಯೂಟರಿನವನಿಗೆ ಫೋನ್ ಮಾಡಿದರು.

ಸಂಜೆಗೆ ಭಾವ ಬಂದ. ಅಂಟಿಸಿದ ಲಕೋಟೆಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನೀನು ನೋಡಿದ್ಯಾ?"

"ಇಲ್ಲ ಭಾವ."

"ಅವಳು ಬಂದು ಕೇಳಿದ್ಲಂತೆ. ಹೇಳಲಿಲ್ಲ ಅಂತ ನಿನ್ನ ಮೇಲೆ ಬೆಂಕಿಯಾಗಿದ್ದಾಳೆ." ಅವನು ಕುರ್ಚಿಯಲ್ಲಿ ಕುಸಿದು ಕೂತ. ಅಷ್ಟು ದೊಡ್ಡ ಆಳು, ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಿಕ್ಕವನಾಗಿ ಕಂಡ. "ಇದನ್ನ ತೆರೆಯೋಕೆ ಕೈ ಬರ್ತಿಲ್ಲ ಕಣಮ್ಮ. ನೀನೇ ತೆರೆದು ಹೇಳು."

"ಅದು ನನ್ನ ಕೆಲಸ ಅಲ್ಲ ಭಾವ. ದೊಡ್ಡಕ್ಕನ್ನ ಕರೀರಿ. ಅವಳು ಹೆದರ್ತಾಳೆ ಅಂತ ನೀವು ಹೇಳಲಿಲ್ಲ. ನೀವು ಹೇಳಲಿಲ್ಲ ಅಂತಲೇ ಅವಳು ಹೆಚ್ಚು ಹೆದರಿದ್ದಾಳೆ."

ಭಾವ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಫೋನು ತೆಗೆದ. ದೊಡ್ಡಕ್ಕ ಒಲೆ ಆರಿಸಿ ಬಂದಳೋ ಇಲ್ಲವೋ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ತಂಗಿಯ ಕಡೆ ನೋಡದೆ ಗಂಡನ ಪಕ್ಕ ಕೂತು ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಇಬ್ಬರೂ ಡಾಕ್ಟರ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಬೀಗದಕ್ಕ ಹೊರಗೆ, ಮೊದಲೇ ಒರೆಸಿದ್ದ ಕೌಂಟರನ್ನು ಮತ್ತೆ ಮತ್ತೆ ಒರೆಸಿದಳು.

ಬಾಗಿಲು ತೆರೆದಾಗ ದೊಡ್ಡಕ್ಕನ ಕಣ್ಣು ಕೆಂಪಾಗಿತ್ತು, ಆದರೆ ಕಾಲು ಗಟ್ಟಿಯಾಗಿತ್ತು. ನೇರ ಕೌಂಟರಿಗೆ ಬಂದಳು. "ಕೆಟ್ಟ ಗಂಟೇ ಅಂತೆ. ಆದ್ರೆ ಬೇಗ ಸಿಕ್ಕಿದೆಯಂತೆ, ಆಪರೇಷನ್ ಮಾಡಿದ್ರೆ ಹುಷಾರಾಗ್ತಾರಂತೆ." ಒಂದು ಕ್ಷಣ ನಿಂತು, ಕೌಂಟರಿನ ಮೇಲಿಂದ ಕೈ ಚಾಚಿ ತಂಗಿಯ ಕೆನ್ನೆ ಮುಟ್ಟಿದಳು. "ಹತ್ತಿರದವರಿಗೆಲ್ಲ ಮೊದಲೇ ಗೊತ್ತಿದ್ದು ಕೊನೆಗೆ ನನಗೆ ಹೇಳಿದ್ರೆ ನಾನು ಸಹಿಸ್ತಿರಲಿಲ್ಲ. ಅವರೇ ಕರೆದ್ರು, ಅವರ ಜೊತೆಗೇ ಕೇಳಿದೆ. ಅಷ್ಟು ಸಾಕು." ಕೌಂಟರಿನ ಎರಡೂ ಬದಿಯಲ್ಲಿ ಇಬ್ಬರೂ ಅತ್ತರು. ಭಾವ ಹಿಂದಿನಿಂದ, "ಸಾಕು ನಿಲ್ಲಿಸ್ರೇ, ಕೆಳಗೆ ಸೈಕಲ್ ಅಂಗಡಿಗೆ ಸೋರುತ್ತೆ" ಎಂದ. ಅವನ ಹಳೆಯ ದನಿಯೇ ಅದು. ಇಡೀ ಲ್ಯಾಬಿಗೆ ಕೇಳಿತು.

ಆಪರೇಷನ್ ಚೆನ್ನಾಗಿ ಆಯಿತು. ಒಂದಷ್ಟು ಕಾಲ ಅವನ ದನಿ ತೀರ ಒಡೆದು, ಗಾಳಿಯ ಹಾಗೆ ಬರುತ್ತಿತ್ತು. ಮಂಡಿಯವರಿಗೆ ವಿಷಯವನ್ನು ಅವನೇ, ತಾನು ಸಿದ್ಧನಾದ ದಿನ, ತನಗೆ ಸರಿ ಕಂಡ ಮಾತಿನಲ್ಲಿ ಹೇಳಿದ. ಅವನು ಅಂದುಕೊಂಡ ಹಾಗೆ ಯಾರೂ ಅವನ ಜಾಗ ಕಸಿಯಲಿಲ್ಲ. ಸಣ್ಣದೊಂದು ಮೈಕು ತಂದು ಕೈಗೆ ಕೊಟ್ಟರು. ದನಿ ಪೂರ್ತಿ ಮರಳಿದ ಮೇಲೂ ಅವನು ಮೈಕು ಬಿಡಲಿಲ್ಲ. ಈಗ ಮಂಡಿಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ವ್ಯಾಪಾರ ಮಾಡಬೇಕು ಎಂದು ಜನ ನಗುತ್ತಾರೆ.

ಹೋದ ತಿಂಗಳು ದೊಡ್ಡಕ್ಕನೇ ತನ್ನ ಮಂಡಿನೋವಿಗೆ ರಕ್ತ ಪರೀಕ್ಷೆ ಮಾಡಿಸಲು ಬಂದಳು. ಕುರ್ಚಿ ಎಳೆದುಕೊಂಡು ಕೂತು, ಸುತ್ತ ಒಮ್ಮೆ ಕಣ್ಣಾಡಿಸಿ, ದನಿ ತಗ್ಗಿಸಿದಳು.

"ನನ್ನ ರಿಪೋರ್ಟು ನೀನು ನೋಡಲ್ಲ ತಾನೆ?"

"ನೋಡೋಕೆ ಆಗೋದೇ ಇಲ್ಲ ದೊಡ್ಡಕ್ಕ."

"ವಯಸ್ಸು ಕೂಡ ಕಾಣಲ್ಲವಾ?"

"ವಯಸ್ಸು ಮಾತ್ರ ನಾನೇ ಬರ್ಕೋಬೇಕು. ಹೇಳು, ಎಷ್ಟು ಹಾಕಲಿ?"

ದೊಡ್ಡಕ್ಕ ಸ್ವಲ್ಪ ಯೋಚಿಸಿ ಒಂದು ವಯಸ್ಸು ಹೇಳಿದಳು. ಆ ಲೆಕ್ಕದಲ್ಲಿ ಅವಳು ತಂಗಿಗಿಂತ ಚಿಕ್ಕವಳಾಗುತ್ತಿದ್ದಳು. ಬೀಗದಕ್ಕ ನಗು ತಡೆದುಕೊಂಡು, "ನಿಜ ಹೇಳು, ಇಲ್ಲದಿದ್ರೆ ಡಾಕ್ಟ್ರು ತಪ್ಪು ಲೆಕ್ಕ ಹಾಕ್ತಾರೆ" ಎಂದಳು. ಹಿಂದೆ ಕೂತವರಿಗೆ ಕೇಳದ ಹಾಗೆ ದೊಡ್ಡಕ್ಕ ಅವಳ ಕಿವಿಯಲ್ಲಿ ನಿಜವನ್ನು ಹೇಳಿದಳು.